ಬಿಳಿ ದಾರದ ಗಂಟು

"ಕೊಯ್ಯೋದಿದ್ರ ನನ್ನನ್ನೂ ಕೂಡೇ ಕೊಯ್ರಿ. ನಾ ಇಳಿಯಂಗಿಲ್ಲ."

ಗ್ಯಾಸ್ ಕಟರಿನ ನೀಲಿ ಉರಿ ಹಿಸ್ಸೆನ್ನುತ್ತಿತ್ತು. ಅದನ್ನು ಹಿಡಿದಿದ್ದ ಕೆಲಸಗಾರ ಒಮ್ಮೆ ಮುದುಕಿಯನ್ನು ನೋಡಿದ, ಒಮ್ಮೆ ತನ್ನ ಮಾಲೀಕನನ್ನು ನೋಡಿದ.

"ಮಾವ್ಶೀ, ಬಾಜೂಲಾ ವ್ಹಾ ನಾ," ಎಂದು ಮರಾಠಿಯಲ್ಲಿ ಬೇಡಿಕೊಂಡ.

ಮಲ್ಲಮ್ಮ ಬದಿಗೆ ಸರಿಯಲಿಲ್ಲ. ಬಾಗಿಲು ಕಿತ್ತುಹೋಗಿದ್ದ ಪಿಕಪ್ಪಿನ ಡ್ರೈವರ್ ಸೀಟಿನಲ್ಲಿ, ಬಾಗಿದ ಸ್ಟೇರಿಂಗ್ ಚಕ್ರದ ಮೇಲೆ ಎರಡೂ ಕೈ ಊರಿ ಕುಳಿತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿರಲಿಲ್ಲ. ಆಷಾಢದ ಮಳೆಯಲ್ಲಿ, ಇಗತಪುರಿ ದಾಟಿ ಕಸಾರಾ ಘಾಟಿನ ಇಳಿಜಾರಿನಲ್ಲಿ, ಕೆಟ್ಟ ಕಾರೊಂದನ್ನು ಎಳೆದುಕೊಂಡು ಹೋಗುತ್ತಿದ್ದಾಗ ಅವಳ ಗಂಡ ವೈಜನಾಥಪ್ಪ ಸತ್ತದ್ದು ಇದೇ ಸೀಟಿನಲ್ಲಿ. ಪೊಲೀಸರು ಬರೆದ ಕಾರಣ ಚಿಕ್ಕದು: ನಿರ್ವಹಣೆಯಿಲ್ಲದ ಹಳೆಯ ವಾಹನ, ಚಾಲಕನ ನಿರ್ಲಕ್ಷ್ಯ.

ಆ ಮಾತನ್ನು ಅಳಿಸಬೇಕೆಂದೇ ಅವಳು ಬೆಳಗಿನ ಬಸ್ಸು ಹಿಡಿದು ನಾಸಿಕ್‌ನಿಂದ ವೈಜಾಪುರದ ಮೇಲೆ ಸಂಭಾಜಿನಗರಕ್ಕೆ ಬಂದಿದ್ದಳು. ಗಾಡಿ ತುಂಡಾದರೆ ಅಳಿಸುವ ದಾರಿಯೂ ತುಂಡಾಗುತ್ತಿತ್ತು.

"ಅತ್ತಿ, ನೀವು ಹಿರಿಯರು." ಅಳಿಯ ರವಿಕಾಂತ ಧ್ವನಿ ತಗ್ಗಿಸಿ ಹೇಳಿದ. ಊರಂಚಿನ ವಾಳೂಜ್‌ನಲ್ಲಿ ಬಿಡಿಭಾಗಗಳ ಅಂಗಡಿಯೂ ಅದರ ಹಿಂದಿನ ಈ ಗುಜರಿ ಅಂಗಳವೂ ಅವನವೇ. "ನಾಲ್ಕು ಮಂದಿ ಮುಂದ ನನ್ನ ಮಾನ ಯಾಕ ಕಳೀತೀರಿ? ಪೊಲೀಸ್ರು ಬಿಟ್ಟಾರ, ವಿಮಾದವರು ಬಿಟ್ಟಾರ. ಗುಜರಿಗೆ ನಾ ಕೊಂಡೀನಿ, ಗಾಡಿ ಈಗ ನನ್ನ ಮಾಲು."

"ಗಾಡಿ ನಿಮ್ಮ ಮಾಲು ಖರೆ. ಸೀಟಿನ್ಯಾಗ ಕೂತಾಕಿ ನಿಮ್ಮ ಮಾಲಲ್ಲ."

ಕೆಲಸಗಾರರಿಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು. ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ.

"ಇಷ್ಟು ದಿನ ಬಿಟ್ಟು ಇವತ್ತೇ ಕೊಯ್ಯೋ ಅವಸರ ಯಾಕ ಬಂತ್ರಿ? ನಾ ಬರ್ತೀನಂತ ನಿನ್ನೆ ಫೋನ್ ಮಾಡಿದ್ದಕ್ಕಾ?"

"ಅಂಗಳದಾಗ ಜಾಗ ಇಲ್ಲ, ಅದಕ್ಕ."

ಮಲ್ಲಮ್ಮ ಸುತ್ತ ನೋಡಿದಳು. ಅಂಗಳದ ಅರ್ಧ ಖಾಲಿಯಿತ್ತು. ರವಿಕಾಂತನೂ ಆ ಕಡೆ ನೋಡಿ ಕಣ್ಣು ತಪ್ಪಿಸಿದ.

ಆಗ ಪಿಕಪ್ಪಿನ ಕೆಳಗಿನಿಂದ ಮೊದಲು ಎರಡು ಚಪ್ಪಲಿ, ಆಮೇಲೆ ಅಂಗಿಯ ತುಂಬ ಮಣ್ಣು ಮೆತ್ತಿಕೊಂಡ ಜಯರಾಮ ಹೊರಬಂದ. ಅಪಘಾತದ ವಾಹನಗಳನ್ನು ವಿಮೆಯವರ ಪರವಾಗಿ ಪರೀಕ್ಷಿಸುವುದು ಅವನ ಹಿಂದಿನ ಕೆಲಸ. ಅದನ್ನು ಬಿಟ್ಟು ಈಗ ನಾಸಿಕ್‌ನಲ್ಲಿ ಖಾಸಗಿ ಪತ್ತೇದಾರಿ ಮಾಡುತ್ತಿದ್ದ. ಮಲ್ಲಮ್ಮನೇ ಅವನನ್ನು ಜೊತೆಗೆ ಕರೆತಂದಿದ್ದಳು. ಮೂಲ ಉಡುಪಿಯ ಕಡೆ. ವಾಸ ಅಣ್ಣನ ಹೋಟೆಲಿನ ಮೇಲಿನ ಕೋಣೆ.

"ರವಿಕಾಂತರೇ, ಆ ಉರಿ ಸ್ವಲ್ಪ ಆರಿಸಿ ಮಾರಾಯ್ರೆ. ನಿಮ್ಮ ಅತ್ತೆಗೆ ಹೆದರಿಕೆ ಇಲ್ಲ, ನನಗೆ ಉಂಟು."

ರವಿಕಾಂತ ಗೊಣಗಿ ಕೈ ಬೀಸಿದ. ಉರಿ ಆರಿತು. "ಮಧ್ಯಾಹ್ನದ ತನಕ ನೋಡ್ರಿ. ಆಮ್ಯಾಲ ನಾ ಯಾರ ಮಾತೂ ಕೇಳಂಗಿಲ್ಲ."

ಅಷ್ಟರಲ್ಲಿ ಗೇಟಿನಿಂದ ವಿಜಯಶ್ರೀ ಬಂದಳು. ಮಲ್ಲಮ್ಮನ ಒಬ್ಬಳೇ ಮಗಳು, ರವಿಕಾಂತನ ಹೆಂಡತಿ. ಮನೆ ಹಿಂದಿನ ಓಣಿಯಲ್ಲೇ. ಯುಗಾದಿಗೆ ತವರಿಗೆ ಬಂದು ಹೋದವಳು ಮತ್ತೆ ನಾಸಿಕ್‌ಗೆ ಬಂದದ್ದು ತಂದೆಯ ಮಣ್ಣಿಗೇ ಎಂದು ಮಲ್ಲಮ್ಮ ತಿಳಿದಿದ್ದಳು. ಒಂದು ಕೈಯಲ್ಲಿ ಥರ್ಮಾಸ್, ಇನ್ನೊಂದರಲ್ಲಿ ಬಟ್ಟೆ ಸುತ್ತಿ ದಾರ ಬಿಗಿದ ಡಬ್ಬಿ.

"ಅವ್ವಾ, ಶ್ರಾವಣ ಸೋಮವಾರ ಅಂತ ಬರೀ ಹೊಟ್ಟಿಲೆ ಬಂದೀದಿ. ಸಾಬೂದಾಣಿ ಖಿಚಡಿ ಮಾಡ್ಕೊಂಡು ಬಂದೀನಿ. ಎರಡು ತುತ್ತು ತಿನ್ನು."

"ಇಡು ಅಲ್ಲಿ. ನಿಮ್ಮಪ್ಪನ ಕೆಲಸ ಮುಗೀಲಿ."

ಮಗಳು ಹಳೆಯ ಟೈರಿನ ಮೇಲೆ ಡಬ್ಬಿ ಇಟ್ಟು, ಗಂಡನಿಗೂ ತಾಯಿಗೂ ನಡುವೆ, ಎರಡೂ ಕಡೆಗೆ ಸೇರದಂತೆ ನಿಂತಳು.

ಜಯರಾಮ ಕೈ ಒರೆಸಿಕೊಳ್ಳುತ್ತ ಬಾನೆಟ್ಟಿನ ಕಡೆ ಬಂದ. ಬಂಡೆಗೆ ಬಡಿದದ್ದು ಬಲಭಾಗ. ಎಡಭಾಗ ಹೆಚ್ಚು ಕೆಟ್ಟಿರಲಿಲ್ಲ. ಬಾನೆಟ್ಟಿನ ಮೇಲೆ 'ಶ್ರೀ ಗುರು ಬಸವಲಿಂಗಾಯ ನಮಃ' ಎಂಬ ಅಕ್ಷರಗಳು ಅರ್ಧ ಉಳಿದಿದ್ದವು.

"ಅಮ್ಮ, ಈ ಗಾಡಿ ಐದು ಲಕ್ಷ ಕಿಲೋಮೀಟರ್ ದಾಟಿದೆ. ಅದೂ ಬೇರೆ ಗಾಡಿಗಳನ್ನು ಎಳೆದು ಎಳೆದು. ನಾನು ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಕ್ಲಚ್ ಸುಟ್ಟಿರುತ್ತದೆ, ಹಿಂದಿನ ಸ್ಪ್ರಿಂಗ್ ಪಾಟಾ ಕುಸಿದಿರುತ್ತದೆ, ಡೀಸೆಲ್ ಫಿಲ್ಟರಿನಲ್ಲಿ ಅರ್ಧ ನೀರು. ಇಲ್ಲಿ ನೋಡಿದರೆ..." ಅವನು ಬೆರಳು ತೋರಿಸಿದ. ಬೆರಳ ತುದಿಯಲ್ಲಿ ಹೊಸ ಗ್ರೀಸ್. "ಶಾಫ್ಟಿನ ಕ್ರಾಸ್ ಜಾಯಿಂಟಿಗೆ ತಾಜಾ ಗ್ರೀಸ್. ಹಿಂದೆ ಒಂದು ಪಾಟಾ ಹೆಚ್ಚಿಗೆ ಹಾಕಿದ್ದಾರೆ. ಬ್ರೇಕ್ ಲೈನರ್ ಹೊಸದು. ಇದನ್ನು ನಿರ್ವಹಣೆಯಿಲ್ಲದ ಗಾಡಿ ಅಂತ ಬರೆದವನ ಕೈಗೆ ಗ್ರೀಸ್ ತಾಗಿಯೇ ಇಲ್ಲ."

ಮಲ್ಲಮ್ಮ ಸ್ಟೇರಿಂಗನ್ನು ಅಂಗೈಯಿಂದ ಸವರಿದಳು. ದಿನವೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಂಗಳಕ್ಕೆ ಇಳಿದು, ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಬಸಿಯುತ್ತಿದ್ದ ಗಂಡ ಅವಳ ಕಣ್ಣ ಮುಂದೆ ಬಂದ. ಭಾರ ಎಳೆದು ಘಾಟು ಹತ್ತಿದ ಮೇಲೆ ಅವನು ಎಂಜಿನನ್ನು ತಟ್ಟನೆ ನಿಲ್ಲಿಸುತ್ತಿರಲಿಲ್ಲ. 'ಟರ್ಬೊ ಕೆಂಪಗ ಕಾದಿರ್ತದ, ಅದಕ್ಕ ಉಸಿರು ತಗೋಳ್ಳಾಕ ಬಿಡು' ಎಂದು, ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದ. ಜಪ ಮುಗಿದ ಮೇಲೆಯೇ ಕೀಲಿ ತಿರುಗುತ್ತಿತ್ತು. ಹತ್ತಿದ ಗಿರಾಕಿಗಳು ಬೈದರೂ ಅಷ್ಟೇ, ಮಳೆ ಬಂದರೂ ಅಷ್ಟೇ.

ಅಂಥವನಿಗೆ ನಿರ್ಲಕ್ಷ್ಯದ ಹೆಸರು!

"ಗ್ರೀಸ್ ಹಚ್ಚಿದ್ರ ಮುದುಕ ಗಾಡಿ ಹರೇದ್ದಾಗ್ತದಾ?" ರವಿಕಾಂತ ಕೇಳಿದ. "ನಾ ಎಷ್ಟು ಸಲ ಹೇಳೀನಿ ಮಾವಗ, ಇದನ್ನ ಬಿಡ್ರಿ, ಹೊಸಾ ಕ್ರೇನ್ ಗಾಡಿ ಹಾಕೋಣು ಅಂತ. ಇಳಿಜಾರಿನ್ಯಾಗ ಹಿಂದಿನ ಕಾರು ನೂಕ್ತು, ಬ್ರೇಕ್ ಆಯಿಲ್ ಕುದೀತು, ಬ್ರೇಕ್ ಹೋಯ್ತು. ಇದಕ್ಕ ಪತ್ತೇದಾರಿ ಬೇರೆ ಬೇಕಾ?"

"ಅಲ್ಲೇ ಇರುವುದು ನೋಡಿ ವಿಷಯ," ಎಂದ ಜಯರಾಮ. "ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ಪಾತಾಳಕ್ಕೆ ಇಳಿಯುತ್ತದೆ. ಆದರೆ ಆ ಕಾರಿನ ಮಾಲೀಕ ನಿಮ್ಮ ಮಾವನ ಪಕ್ಕದಲ್ಲೇ ಕೂತಿದ್ದ. ಕೈ ಮುರಿದುಕೊಂಡು ಬದುಕಿದ್ದಾನೆ. ಅವನು ನನಗೆ ಹೇಳಿದ್ದು: 'ಅಜ್ಜ ಎರಡೂ ಕಾಲು ಕೊಟ್ಟು ತುಳಿದರು. ಪೆಡಲ್ ಕಲ್ಲಿನ ಹಾಗೆ ನಿಂತಿತ್ತು, ಕೆಳಗೇ ಹೋಗಲಿಲ್ಲ.'"

"ಹೆದರಿದವನ ಮಾತು."

"ಹೆದರಿದವನಿಗೂ ಕಲ್ಲು ಕಲ್ಲೇ, ಬೆಣ್ಣೆ ಬೆಣ್ಣೆಯೇ."

ಜಯರಾಮ ಬಾನೆಟ್ಟಿನೊಳಗೆ ಬಾಗಿದ. ಡೀಸೆಲ್ ಗಾಡಿಯ ಬ್ರೇಕಿಗೆ ಕಾಲಿನ ಬಲ ಒಂದೇ ಸಾಲದು. ಎಂಜಿನಿನ ಬದಿಯ ಒಂದು ಪಂಪು ಗಾಳಿಯನ್ನು ಎಳೆದು, ಒಂದು ಕರಿ ಪೈಪಿನ ಮೂಲಕ ಬ್ರೇಕಿಗೆ ಬಲ ಕೊಡುತ್ತದೆ. ಆ ಎಳೆತ ನಿಂತರೆ ಪೆಡಲ್ ಕಲ್ಲಾಗುತ್ತದೆ. ಅವನು ಹುಡುಕುತ್ತಿದ್ದುದು ಆ ಪೈಪನ್ನೇ. ಅದು ಇದ್ದಲ್ಲೇ ಇತ್ತು. ಒಡೆದಿರಲಿಲ್ಲ, ಕಳಚಿರಲಿಲ್ಲ. ಕ್ಲಿಪ್ಪು ಬಿಗಿಯಾಗಿಯೇ ಇತ್ತು.

"ಪೈಪು ಹೊಸದು," ಎಂದ. "ಸುತ್ತಲಿನದೆಲ್ಲ ಹಳೆಯದು, ಎಣ್ಣೆ ಕುಡಿದದ್ದು. ಇದೊಂದು ಮಾತ್ರ ಮದುಮಗನ ಹಾಗೆ ಹೊಳೆಯುತ್ತಿದೆ. ಮತ್ತೆ ಇದೆಂತ? ಕ್ಲಿಪ್ಪಿನ ಮೇಲೆ ದಾರ ಯಾಕೆ?"

ಮಲ್ಲಮ್ಮ ಸೀಟಿನಿಂದ ಇಳಿದಳು. ಬಂದು ಕೂತ ಮೇಲೆ ಮೊದಲ ಸಲ.

"ಅದು ಅವರ ಪದ್ಧತಿ. ಹಳೀ ಎಂಜಿನ್ ನಡುಗಿ ನಡುಗಿ ಕ್ಲಿಪ್ ಜರೀತಾವ. ಅದಕ್ಕ ಪ್ರತಿ ಪೈಪಿಗೆ ಕ್ಲಿಪ್ಪಿನ ಮ್ಯಾಲ ಮೇಣದ ದಾರ ಸುತ್ತಿ ಗಂಟು ಹಾಕೋರು. ಕೊರಳಾಗಿನ ಶಿವದಾರಕ್ಕ ಹಾಕ್ತಾರಲ್ಲ, ಅದೇ ಗಂಟು. ಅವರ ಅಜ್ಜ ಕಲಿಸಿದ್ದು. ಎಷ್ಟು ಅಲುಗಿದ್ರೂ ಬಿಚ್ಚಂಗಿಲ್ಲ, ಲಿಂಗ ಬೀಳಬಾರದಲ್ಲ. ಆದ್ರ ಪೂಜಾಕ ಕುಂತಾಗ ಗಿಡ್ಡ ತುದಿ ಒಂದು ಎಳೆದ್ರ ಸಾಕು."

ಅವಳು ಕೈಚಾಚಿ ಗಿಡ್ಡ ತುದಿಯನ್ನು ಎಳೆದಳು. ದಾರ ಒಂದೇ ಎಳೆತಕ್ಕೆ ಬಿಚ್ಚಿಕೊಂಡು ಅವಳ ಅಂಗೈಗೆ ಬಂತು. ಉಳಿದ ಪೈಪುಗಳ ಮೇಲಿನ ದಾರಗಳು ಕಪ್ಪಾಗಿದ್ದವು. ಇದು ಇನ್ನೂ ಬಿಳಿ. ಕೆಲವು ದಿನಗಳ ಎಣ್ಣೆಯನ್ನೂ ಕಂಡಿರದ ದಾರ.

ವಿಜಯಶ್ರೀ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಜಯರಾಮ ಪೈಪನ್ನು ಕಳಚಿ ಕೈಯಲ್ಲಿ ತಿರುಗಿಸಿದ. ಬಾಗಿಸಿದ. ಮೂಸಿದ. ಆಮೇಲೆ ವಿಜಯಶ್ರೀಯ ಕಡೆ ನೋಡಿ, "ತಂಗಿ, ಆ ಥರ್ಮಾಸಿನಲ್ಲಿ ಚಹಾ ಉಂಟಾ?" ಎಂದು ಕೇಳಿದ.

"ಅದ ರೀ. ಅವ್ವಗ ತಂದಿದ್ದೆ."

"ಬಿಸಿ?"

"ಬಾಯಿ ಸುಡ್ತದ."

"ಒಳ್ಳೇದಾಯ್ತು. ನಮ್ಮಣ್ಣನ ಹೋಟೆಲಿನದ್ದಾದರೆ ಇಷ್ಟು ಬಿಸಿ ಸಿಗುತ್ತಿರಲಿಲ್ಲ."

ಪೈಪಿನ ಒಂದು ತುದಿಯನ್ನು ಚಿಂದಿಯಿಂದ ಮುಚ್ಚಿ ಹಿಡಿದು, ಇನ್ನೊಂದು ತುದಿಯಿಂದ ಚಹಾ ಸುರಿದ. ಕೆಲಸಗಾರರು ಹತ್ತಿರ ಬಂದು ನಿಂತರು. ಸ್ವಲ್ಪ ಹೊತ್ತು ಕಾದು ಚಹಾ ಚೆಲ್ಲಿದ. ಒಂದು ತುದಿಗೆ ಹೆಬ್ಬೆರಳು ಒತ್ತಿ, ಇನ್ನೊಂದನ್ನು ತುಟಿಗಿಟ್ಟು ಬಲವಾಗಿ ಉಸಿರು ಎಳೆದ.

ಪೈಪು ಎಲ್ಲರ ಕಣ್ಣೆದುರಿಗೆ ಚಪ್ಪಟೆಯಾಯಿತು. ಹಾವಿನ ಪೊರೆಯಂತೆ.

ಪಕ್ಕದ ಇನ್ನೊಂದು ಮುರುಕು ಗಾಡಿಯಿಂದ ಅಂಥದೇ ಪೈಪು ಕಳಚಿ ಉಳಿದ ಚಹಾ ಅದಕ್ಕೆ ಸುರಿದ. ಎಳೆದ. ಅದು ಮಿಸುಕಲಿಲ್ಲ. ಕೆಮ್ಮು ಮಾತ್ರ ಬಂತು.

"ಇದು ನೀರಿನ ಪೈಪು, ಎಳೆತಕ್ಕೆ ಮಾಡಿದ್ದಲ್ಲ," ಎಂದ ಬಾಯಿ ಒರೆಸಿಕೊಳ್ಳುತ್ತ. "ತಣ್ಣಗಿದ್ದಾಗ ಗಟ್ಟಿ. ಊರೊಳಗೆ ಓಡಾಡಿದರೆ ಏನೂ ಗೊತ್ತಾಗುವುದಿಲ್ಲ. ಭಾರ ಎಳೆದು ಎಂಜಿನ್ ಕಾದಾಗ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ನನ್ನ ಬಾಯಿಗೇ ಚಪ್ಪಟೆಯಾದದ್ದು ಆ ಪಂಪಿಗೆ ಎಷ್ಟರದ್ದು? ಅಪಘಾತ ಆದ ಮೇಲೆ ತಣ್ಣಗಾಗಿ ಮತ್ತೆ ಉರುಟಾಗಿ ಕೂತಿದೆ, ಏನೂ ಅರಿಯದ ಕೂಸಿನ ಹಾಗೆ. ಕಸಾರಾ ಘಾಟಿನಲ್ಲಿ ನಿಮ್ಮ ಗಂಡನ ಕಾಲಿಗೆ ಸಿಕ್ಕ ಕಲ್ಲು ಇದೇ ಅಮ್ಮ."

ಮಲ್ಲಮ್ಮ ಪೈಪನ್ನು ಕೈಗೆ ತೆಗೆದುಕೊಂಡಳು. ಕಣ್ಣು ತುಂಬಿತು, ಹರಿಯಲಿಲ್ಲ. "ಶಿವನೇ, ನೀ ಅದೀ," ಎಂದಳು, ತನಗಷ್ಟೇ ಕೇಳುವಂತೆ.

ಆಗ ರವಿಕಾಂತ ನಕ್ಕ.

"ಭಾಳ ಛಲೋ ಆಯ್ತು. ಕೆಟ್ಟ ಪೈಪು ಅಂತ ನೀವೇ ತೋರಿಸಿದ್ರಿ. ಅದನ್ನ ಹಾಕಿದವರು ಯಾರು? ಗಂಟು ಯಾರದು? ಮಾವಂದು! ಅತ್ತಿನೇ ಎಲ್ಲಾರ ಮುಂದ ಬಿಚ್ಚಿ ತೋರಿಸಿದ್ರು. ಬ್ರೇಕಿಗೆ ನೀರಿನ ಪೈಪು ಹಾಕಿ ಗಾಡಿ ಹೊಡೆದವರಿಗಿ ಪೊಲೀಸ್ರು ಏನಂತ ಬರೀಬೇಕಿತ್ತು?" ಅವನು ಕೆಲಸಗಾರನ ಕಡೆ ತಿರುಗಿದ. "ಚಲಾ, ಪೇಟವಾ."

ಕಟರ್ ಮತ್ತೆ ಹತ್ತಿಕೊಂಡಿತು.

ಜಯರಾಮ ಮಲ್ಲಮ್ಮನ ಮುಖ ನೋಡಿದ.

ಮಲ್ಲಮ್ಮ ದಾರವನ್ನು ಮುಷ್ಟಿಯಲ್ಲಿ ಬಿಗಿದು, ನೇರವಾಗಿ ಉರಿಯ ಮುಂದೆಯೇ ಹೋಗಿ ನಿಂತಳು. ಕೆಲಸಗಾರ ಬೆಚ್ಚಿ ಹಿಂದೆ ಸರಿದ.

"ಅಳಿಯಂದಿರ, ಮಣ್ಣಿನ ದಿನ ನೀವು ಎಲ್ಲಿ ಇದ್ರಿ?"

"ಅಲ್ಲೇ ಇದ್ದೆ. ಯಾಕ?"

"ಸ್ವಾಮಿಗಳು ಅವರ ಲಿಂಗ ಕೈಯಾಗ ಇಡಲಾಕ ಅಂತ ಶಿವದಾರ ಬಿಚ್ಚಲಾಕ ಹೋದ್ರು. ಏನಾಯ್ತು, ನೆನಪದಾ?"

ರವಿಕಾಂತ ಹುಬ್ಬು ಗಂಟಿಕ್ಕಿದ. "ಬಿಚ್ಚಲಿಲ್ಲ. ಗಿಡ್ಡ ತುದಿ ಎಳೆದ್ರೂ ಬರಲಿಲ್ಲ. ನೀವು ಬಂದು ಬಿಚ್ಚಿದ್ರಿ."

"ಯಾಕಂದ್ರ ಅದು ಅವರ ಗಂಟಲ್ಲ, ನನ್ನ ತವರಿನ ಗಂಟು. ನಾ ಕಟ್ಟಿದ್ದು." ಅವಳು ತನ್ನ ಬಲಗೈ ಹೆಬ್ಬೆರಳನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. "ಕಳೆದ ಮಾಘದಿಂದ ಅವರ ಈ ಬೆರಳು ಮಡಚ್ತಿರಲಿಲ್ಲ. ಸ್ಟೇರಿಂಗ್ ಹಿಡೀತಿದ್ರು, ಪಾನಾ ಹಿಡಿದು ನಟ್ ಬಿಗೀತಿದ್ರು, ಸಣ್ಣ ದಾರ ಹಿಡೀಲಾಕ ಬರ್ತಿರಲಿಲ್ಲ. ಯಾರಿಗೂ ಹೇಳಬ್ಯಾಡ ಅಂದಿದ್ರು, ನಾ ಹೇಳಿದ್ದಿಲ್ಲ. ಇವತ್ತ ಹೇಳ್ತೀನಿ. ತನ್ನ ಕೊರಳಾಗಿನ ದಾರ ತಾನು ಕಟ್ಟಿಕೊಳ್ಳಲಾರದ ಮನುಷ್ಯ ಈ ಬಿಳಿ ದಾರ ಹ್ಯಾಂಗ ಕಟ್ತಾನ್ರಿ? ಹೇಳ್ರಿ! ನನ್ನ ಗಂಡನ ಕೈ ಇದಲ್ಲ. ಅಲ್ಲ ಅಂದ್ರ ಅಲ್ಲ!"

ಕೆಲಸಗಾರ ಯಾರೂ ಹೇಳದೆಯೇ ಉರಿ ಆರಿಸಿದ.

ಜಯರಾಮ ಮೊಬೈಲು ತೆಗೆದು ಪೈಪಿನ ಚಿತ್ರ ತೆಗೆದ, ದಾರದ ಚಿತ್ರ ತೆಗೆದ. "ನಿಮ್ಮ ಗಂಡನ ಹೆಸರು ಉಳಿಯಿತು ಅಮ್ಮ. ಇಷ್ಟು ಸಾಕು, ಪೊಲೀಸರು ಕೇಸು ಮತ್ತೆ ತೆರೆಯಲೇಬೇಕು. ಇನ್ನು ಒಂದೇ ಪ್ರಶ್ನೆ. ಈ ದಾರ ಕಟ್ಟಿದಾಗ ನೀವು ಮನೆಯಲ್ಲಿ ಇರಲಿಲ್ಲವಾ?"

"ಅಪಘಾತದ ಹಿಂದಿನ ವಾರ ನಾ ಭಾಲ್ಕಿಗೆ ಹೋಗಿದ್ದೆ, ತಮ್ಮನ ಮೊಮ್ಮಗಂದು ತೊಟ್ಟಿಲ ಇತ್ತು. ಮನ್ಯಾಗ ಅವರೊಬ್ಬರೇ."

"ಹಾಗಾದ್ರೆ ಆ ವಾರ ಯಾರೋ ಬಂದಿದ್ದಾರೆ. ನಿಮ್ಮ ಗಂಡನ ಗಂಟು ಬಲ್ಲವರು. ಅದು ಇನ್ನು ಯಾರಿಗೆ ಬರುತ್ತದೆ?"

ಗಂಡನ ಕೈಯಲ್ಲ ಎಂದು ಸಾಧಿಸುವ ಹಟದಲ್ಲಿ, ಮತ್ತೆ ಯಾರದು ಎಂದು ಮಲ್ಲಮ್ಮ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು. ಒಳಗೆಲ್ಲೋ ಬಾಗಿಲೊಂದು ತೆರೆದಂತಾಯಿತು. ಲಿಂಗದೀಕ್ಷೆಯ ದಿನ ಅಪ್ಪನ ತೊಡೆಯ ಮೇಲೆ ಕುಳಿತು, ನಾಲಿಗೆ ಕಚ್ಚಿಕೊಂಡು, ದಾರದ ಗಿಡ್ಡ ತುದಿಯನ್ನು ಎಳೆದು ಎಳೆದು ನಗುತ್ತಿದ್ದ ಹುಡುಗಿ ಕಣ್ಣಿಗೆ ಕಟ್ಟಿದಳು.

"ಅವ್ವಾ, ನಿನ್ನ ಮುಖ ಬೆಳ್ಳಗಾಗ್ಯಾದ," ಎಂದಳು ವಿಜಯಶ್ರೀ. "ನಡಿ ಮನಿಗಿ. ಅಲ್ಲೇ ತಿನ್ನುವಂತಿ." ಅವಳು ಟೈರಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಳ್ಳಲು ಬಾಗಿದಳು. ಅವಸರವಾಗಿ ಬಾಗಿದಳು.

"ಡಬ್ಬಿ ಅಲ್ಲೇ ಇರಲಿ."

"ಆರಿ ಹೋಗ್ತದವ್ವಾ..."

"ಇರಲಿ ಅಂದೆ."

ಮಲ್ಲಮ್ಮ ಟೈರಿನ ಬಳಿ ಹೋದಳು. ಬಟ್ಟೆಯ ಮೇಲೆ ಬಿಗಿದಿದ್ದ ದಾರ ಬಿಳಿಯದು. ಗಂಟಿನಿಂದ ಒಂದು ತುದಿ ಉದ್ದಕ್ಕೆ ಇಳಿಬಿದ್ದಿತ್ತು. ಇನ್ನೊಂದು ಗಿಡ್ಡದು.

ಕೈ ಚಾಚಿದಳು. ನಡುವೆ ನಿಲ್ಲಿಸಿದಳು. ಇದನ್ನು ಹೀಗೇ ಬಿಟ್ಟು ಎದ್ದು ಹೋದರೆ ಯಾರೂ ಕೇಳುವವರಿರಲಿಲ್ಲ. ಸತ್ತವನ ಹೆಸರು ಉಳಿದಿತ್ತು. ಇದ್ದವಳ ಮನೆಯೂ ಉಳಿಯುತ್ತಿತ್ತು.

"ಅವ್ವಾ, ಬ್ಯಾಡ," ಎಂದಳು ಮಗಳು. ಧ್ವನಿ ಉಸಿರಿನಷ್ಟೇ ಇತ್ತು.

ಮಲ್ಲಮ್ಮ ಎಳೆದಳು.

ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಬಟ್ಟೆ ಹೂವಿನಂತೆ ಅರಳಿ ನಾಲ್ಕೂ ಕಡೆ ಬಿತ್ತು.

"ಸಾಹೇಬ್ರ," ಎಂದಳು ಮಲ್ಲಮ್ಮ, ತಿರುಗಿ ನೋಡದೆ, "ಇದರ ಚಿತ್ರಾನೂ ತಗೀರಿ."

ಜಯರಾಮನ ಕಣ್ಣು ರವಿಕಾಂತನ ಮೇಲಿತ್ತು. ಗುಟ್ಟು ಬಯಲಾದವನ ಮುಖ ಹೇಗಿರುತ್ತದೆಂದು ಅವನು ಹಿಂದಿನ ಕೆಲಸದಲ್ಲಿ ಬಹಳ ಸಲ ಕಂಡಿದ್ದ. ಇದು ಆ ಮುಖವಾಗಿರಲಿಲ್ಲ. ರವಿಕಾಂತ ಹೆಂಡತಿಯನ್ನು ಈಗ ತಾನೇ ಪರಿಚಯವಾದವಳಂತೆ ನೋಡುತ್ತಿದ್ದ. ಅವನ ಮುಖದ ಬಣ್ಣ ಇಳಿದಿತ್ತು.

"ವಿಜೂ," ಎಂದ, "ನೀ ಆ ವಾರ ಸಟಾಣಾಕ್ಕ ಗೆಳತಿ ಮನಿಗಿ ಹೋಗಿದ್ದಿ. ನಾನೇ ಬಸ್ ಸ್ಟ್ಯಾಂಡಿಗಿ ಬಿಟ್ಟು ಬಂದೀನಿ. ನಾಸಿಕ್‌ಗೆ ಯಾವಾಗ ಹೋದಿ? ಗಾಡಿ ಇವತ್ತೇ ಕೊಯ್ಸ್ರಿ ಅಂತ ನಿನ್ನೆ ನೀನೇ ಯಾಕ ಬೆನ್ನುಬಿದ್ದಿದ್ದಿ?"

ವಿಜಯಶ್ರೀ ಗಂಡನಿಗೆ ಬೆನ್ನು ಮಾಡಿದಳು. ತಾಯಿಯನ್ನೇ ನೋಡಿದಳು. "ದಾರ ನಾನೇ ಕಟ್ಟೀನಿ ಅವ್ವ. ಅಪ್ಪ ಕಟ್ಟು ಅಂದ್ರು, ಕಟ್ಟಿದೆ. ಅಪ್ಪ ಕಣ್ಣು ಮುಚ್ಚಿ ನಂಬಿದವರೇ ಆ ಪೈಪು ತಂದಿದ್ರು. ಅವರ ಹೆಸರು ಮಾತ್ರ ಕೇಳಬ್ಯಾಡ. ಕೇಳಿದ್ರ ನೀ ಮತ್ತ ಎದ್ದು ನಿಲ್ಲಂಗಿಲ್ಲ."

ಮಲ್ಲಮ್ಮ ಎರಡು ದಾರಗಳನ್ನೂ ಒಂದೇ ಅಂಗೈಯಲ್ಲಿ ಹಿಡಿದುಕೊಂಡು ಪಿಕಪ್ಪಿನ ಕಡೆ ನಡೆದಳು. ಗಂಡ ಸತ್ತ ಸೀಟಿಗೆ ಹತ್ತಿ, ಬಾಗಿದ ಸ್ಟೇರಿಂಗಿನ ಹಿಂದೆ ಮೊದಲಿನಂತೆಯೇ ನೆಟ್ಟಗೆ ಕುಳಿತಳು.

"ಎದ್ದು ನಿಲ್ಲಲಾಕ ಯಾರು ಬಂದಾರ?" ಎಂದಳು. "ನಾ ಕೂತೀನಿ. ಹೇಳು."